ಮಾತ್ರೆ ಬಿಟ್ಟರೆ ಕೀಲುನೋವು ಹೋದೀತೇ?

ಪ್ರಶ್ನೆ: ನನಗೆ 56 ವರ್ಷ. ಸ್ತನ ಕ್ಯಾನ್ಸರ್‌ಗೆ ಆಪರೇಷನ್, ಕೀಮೋ ಆಗಿದೆ. ಈಗ ದಿನಾ ಲೆಟ್ರೊಜೋಲ್ 2.5 ಮಿ.ಗ್ರಾಂ. ಬೆಳಿಗ್ಗೆ ಬೆರಳು ಮಡಚಲು ಆಗುವುದಿಲ್ಲ, ಮಂಡಿ ಹಿಡಿದುಕೊಳ್ಳುತ್ತದೆ. ಮಾತ್ರೆ ನಿಲ್ಲಿಸಲೇ?

ಉತ್ತರ: ನೀವಾಗಿಯೇ ನಿಲ್ಲಿಸಬೇಡಿ, ಕ್ಯಾನ್ಸರ್ ಮರುಕಳಿಸದಂತೆ ತಡೆಯುತ್ತಿರುವುದೇ ಆ ಮಾತ್ರೆ. ಅದು ಈಸ್ಟ್ರೊಜೆನ್ ಎಂಬ ಹಾರ್ಮೋನನ್ನು ತೀರಾ ಇಳಿಸುವುದರಿಂದ ಕೀಲು ಬಿಗಿಯುತ್ತದೆ. ಕೂತಷ್ಟೂ ಬಿಗಿತ ಹೆಚ್ಚು. ಎದ್ದ ಕೂಡಲೇ ಉಗುರುಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ, ನೀರಿನೊಳಗೇ ಮುಷ್ಟಿ ಕಟ್ಟಿ ಬಿಡಿ, ಹತ್ತು ಸಲ. ವಾರಕ್ಕೆ ಒಟ್ಟು 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಇರಲಿ. ಶುರುವಿಗೆ 10 ನಿಮಿಷ ಸಾಕು. ಮೊದಲ ವಾರ ನೋವು ತುಸು ಹೆಚ್ಚಬಹುದು, ಬಹಳ ಮಂದಿ ಅಲ್ಲೇ ಕೈಬಿಡುತ್ತಾರೆ.

ವಿಟಮಿನ್ ಡಿ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ತಡೆಯಲಾಗದಿದ್ದರೆ ವೈದ್ಯರು ಕೆಲವು ವಾರ ಬಿಡುವು ಕೊಟ್ಟು ಅನಾಸ್ಟ್ರೊಜೋಲ್, ಎಕ್ಸೆಮೆಸ್ಟೇನ್ ಅಥವಾ ಟಾಮಾಕ್ಸಿಫೆನ್‌ಗೆ ಬದಲಿಸಬಹುದು. ನೋವು ತಗ್ಗಿಸಲು ಡುಲೊಕ್ಸೆಟಿನ್ ಎಂಬ ಮಾತ್ರೆ ಕೂಡ ಕೆಲವರಿಗೆ ಒಗ್ಗುತ್ತದೆ, ಆದರೆ ಟಾಮಾಕ್ಸಿಫೆನ್ ಜೊತೆಗೆ ಬೇಡ. ಅಂಗಡಿಯ ನೋವಿನ ಮಾತ್ರೆ ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಮೂತ್ರಪಿಂಡ ಎರಡಕ್ಕೂ ಪೆಟ್ಟು.

ಒಂದೇ ಮೂಳೆಯಲ್ಲಿ, ರಾತ್ರಿಯೂ ಬಿಡದೆ ಏರುವ ಹೊಸ ನೋವಾದರೆ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತೋರಿಸಿ.