ಇಲ್ಲದ 100 ಹರ್ಟ್ಸ್ ಎಲ್ಲಿಂದ ಬಂತು?

ಪ್ರಶ್ನೆ: ಪ್ರಾಜೆಕ್ಟ್‌ಗಾಗಿ ಮೋಟಾರಿನ ಕಂಪನವನ್ನು ಸೆಕೆಂಡಿಗೆ 1000 ಸ್ಯಾಂಪಲ್‌ನಂತೆ ಅಳೆಯುತ್ತಿದ್ದೇವೆ. ಎಫ್‌ಎಫ್‌ಟಿಯಲ್ಲಿ (ಸಿಗ್ನಲನ್ನು ಆವರ್ತನಗಳಾಗಿ ಬಿಡಿಸಿ ತೋರಿಸುವ ಲೆಕ್ಕ) 100 ಹರ್ಟ್ಸ್‌ಗೆ ದೊಡ್ಡ ಶಿಖರ ಕಾಣುತ್ತದೆ. ಆಸಿಲೋಸ್ಕೋಪ್‌ನಲ್ಲಿ ಅದು ಇಲ್ಲವೇ ಇಲ್ಲ. ಪ್ರೋಗ್ರಾಮಿನಲ್ಲಿ ಲೋ-ಪಾಸ್ ಫಿಲ್ಟರ್ (ಹೆಚ್ಚಿನ ಆವರ್ತನಗಳನ್ನು ತಡೆಯುವುದು) ಹಾಕಿದರೂ ಹೋಗುತ್ತಿಲ್ಲ. ಯಾಕೆ?

ಉತ್ತರ: ಇದು ಅಲಿಯಾಸಿಂಗ್ ಇರಬೇಕು, ಅಂದರೆ ಸ್ಯಾಂಪಲ್ ದರ ಸಾಲದೆ ಹೆಚ್ಚಿನ ಆವರ್ತನ ಕಡಿಮೆ ಆವರ್ತನದಂತೆ ಕಾಣುವುದು. 1000ದ ದರದಲ್ಲಿ ಅದರ ಅರ್ಧ, 500 ಹರ್ಟ್ಸ್‌ವರೆಗಿನದ್ದನ್ನು ಮಾತ್ರ ನಂಬಬಹುದು; 900ರ ಕಂಪನ 1000 − 900 = 100 ಆಗಿ ಮಡಚಿಕೊಳ್ಳುತ್ತದೆ. ದರವನ್ನು 1200 ಮಾಡಿ ನೋಡಿ. ಶಿಖರ 300ಕ್ಕೆ ಜಿಗಿದರೆ ಕಳ್ಳ ಸಿಕ್ಕಿದ ಹಾಗೆ. ಸ್ಯಾಂಪಲ್ ಆದ ಮೇಲೆ ನಿಜವಾದ 100ಕ್ಕೂ ಹುಸಿ 100ಕ್ಕೂ ವ್ಯತ್ಯಾಸ ಉಳಿಯುವುದಿಲ್ಲ, ಹಾಗಾಗಿ ಪ್ರೋಗ್ರಾಮಿನ ಫಿಲ್ಟರ್ ಕೈಲಾಗದು. ಎಡಿಸಿಗೆ (ಸಿಗ್ನಲನ್ನು ಅಂಕಿಗಳಾಗಿಸುವ ಚಿಪ್) ಮುಂಚೆಯೇ ಅನಲಾಗ್ ಫಿಲ್ಟರ್ ಬೇಕು: 1.6 ಕಿಲೋಓಮ್ ರೆಸಿಸ್ಟರ್, 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿದರೆ (ಆರ್‌ಸಿ ಫಿಲ್ಟರ್) ಕಟ್‌ಆಫ್, ಅಂದರೆ ತಡೆ ಶುರುವಾಗುವ ಆವರ್ತನ, ಸುಮಾರು 100 ಹರ್ಟ್ಸ್. ಆದರೆ ಇದು 900ನ್ನು ಒಂಬತ್ತನೇ ಒಂದು ಭಾಗಕ್ಕಷ್ಟೇ ಇಳಿಸುತ್ತದೆ. ಸಾಲದಿದ್ದರೆ ಇನ್ನೂ ಕಡಿದಾಗಿ ಇಳಿಸುವ ಎರಡನೇ ದರ್ಜೆಯ ಫಿಲ್ಟರ್ ಕಟ್ಟಿ, ಇಲ್ಲವೇ ದರವನ್ನೇ 10,000ಕ್ಕೆ ಏರಿಸಿ. ಆಗ ಪ್ರೋಗ್ರಾಮಿನ ಫಿಲ್ಟರೂ ಕೆಲಸಕ್ಕೆ ಬರುತ್ತದೆ.

ಪಠ್ಯಪುಸ್ತಕಗಳು ಫಿಲ್ಟರ್, ಫೀಡ್‌ಬ್ಯಾಕ್ ಎಂಬ ಎರಡು ವಿಷಯಗಳನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿಟ್ಟು ಮರೆಮಾಚುವ ಮಾತೊಂದಿದೆ. ಇದೇ ಸಿಗ್ನಲನ್ನು ಫೀಡ್‌ಬ್ಯಾಕ್‌ಗೆ, ಅಂದರೆ ಅಳತೆ ನೋಡಿ ಮೋಟಾರನ್ನು ನಿಯಂತ್ರಿಸಲು, ಬಳಸುವುದಾದರೆ ಫಿಲ್ಟರಿನ ವಿಳಂಬವೂ ಲೂಪಿನೊಳಗೆ ಬರುತ್ತದೆ. ಗೇನ್ ಕ್ರಾಸ್‌ಓವರ್ (ಲೂಪಿನ ಗೇನ್ 1ಕ್ಕೆ ಇಳಿಯುವ ಆವರ್ತನ) 20 ಹರ್ಟ್ಸ್ ಆಗಿದ್ದರೆ ಮೇಲಿನ ಆರ್‌ಸಿ ಒಂದೇ ಫೇಸ್ ಮಾರ್ಜಿನ್‌ನಲ್ಲಿ (ಲೂಪ್ ಅಸ್ಥಿರವಾಗುವ ಮುನ್ನ ಉಳಿದಿರುವ ಕೋನ) ಸುಮಾರು 11 ಡಿಗ್ರಿ ನುಂಗುತ್ತದೆ. ಬೋಡೆ ನಕ್ಷೆ (ಆವರ್ತನಕ್ಕೆ ತಕ್ಕಂತೆ ಗೇನ್, ಫೇಸ್ ತೋರಿಸುವ ನಕ್ಷೆ) ಬರೆಯುವಾಗ ಅದನ್ನೂ ಸೇರಿಸಿ.