ಸೋಲುತ್ತಿರುವ ಫುಟ್‌ಬಾಲ್ ಕ್ಲಬ್‌ಗೆ ಹೊಸ ಕೋಚ್ ಹುಡುಕಲು ಇಷ್ಟು ತಡ ಯಾಕೆ?

ಕಂಠೀರವ ಸ್ಟೇಡಿಯಂನಲ್ಲಿ ಬೆಂಗಳೂರು ಎಫ್‌ಸಿ ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕ್‌ನಲ್ಲಿ ಗಂಟಲು ಹರಿಯುವಂತೆ ಕೂಗುವವರ ಸಿಟ್ಟು ಸಹಜವೇ. ಆದರೆ ಸೀಸನ್ ನಡುವೆ ಒಳ್ಳೆ ಕೋಚ್‌ಗಳು ಖಾಲಿ ಕೂತಿರುವುದು ಕಡಿಮೆ. ಬೇರೆ ಕ್ಲಬ್‌ನಿಂದ ಕರೆತಂದರೆ ಆ ಕ್ಲಬ್‌ಗೆ ಪರಿಹಾರ ಕೊಡಬೇಕು. ಮನೆಗೆ ಕಳಿಸಿದವರ ಬಾಕಿ ಲೆಕ್ಕ ಬೇರೆ.

ಬೆಂಗಳೂರು ಎಫ್‌ಸಿಯನ್ನೇ ನೋಡಿ. 2018-19ರಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೆಲ್ಲಿಸಿದ್ದ ಕೋಚ್ ಕಾರ್ಲೆಸ್ ಕ್ವಾಡ್ರಾಟ್ 2021ರ ಜನವರಿಯಲ್ಲಿ ಹೊರಟರು. ಉಳಿದ ಐಎಸ್‌ಎಲ್ ಪಂದ್ಯಗಳನ್ನು ನೌಷಾದ್ ಮೂಸಾ ಹಂಗಾಮಿಯಾಗಿ ನೋಡಿಕೊಂಡರು. ತಂಡಕ್ಕೆ ಏಳನೇ ಸ್ಥಾನ. 2023ರ ಡಿಸೆಂಬರ್‌ನಲ್ಲಿ ಸೈಮನ್ ಗ್ರೇಸನ್ ಹೋದಾಗ ಜೆರಾರ್ಡ್ ಸರಗೋಸಾ ಬೇಗನೇ ಬಂದರು. ಆದರೂ ಹತ್ತನೇ ಸ್ಥಾನವೇ ಗತಿ! ಕೋಚ್ ಬದಲಾದರೂ ಆಟಗಾರರು ಅವರೇ ಅಲ್ವಾ? ಮುಂದಿನ ಸೀಸನ್‌ಗೆ ತಯಾರಿ ಮಾಡಿಕೊಳ್ಳಲು ಸರಗೋಸಾಗೆ ಟೈಮ್ ಸಿಕ್ಕಿತು, 2025ರಲ್ಲಿ ಐಎಸ್‌ಎಲ್ ಫೈನಲ್ ತಲುಪಿದರು. ನನಗಂತೂ ತಡಕ್ಕಿಂತ ಜಾಸ್ತಿ ಸಿಟ್ಟು ಬರುವುದು, ಕ್ಲಬ್‌ಗಳು ಅಭಿಮಾನಿಗಳಿಗೆ ಏನೂ ಹೇಳದೆ ಸುಮ್ನೆ ಕೂತಾಗ.