ತೂಕದ ಚೀಟಿ ಬಂತು, ಮಗಳು ಶಾಲೆಗೆ ಹೋಗಲ್ಲ ಅಂತಾಳೆ

ಪ್ರಶ್ನೆ: ನನ್ನ ಮಗಳಿಗೆ 14 ವರ್ಷ. ಅನುದಾನಿತ ಶಾಲೆಯಲ್ಲಿ 9ನೇ ತರಗತಿ. ಹೋದ ತಿಂಗಳು ಶಾಲೆಗೆ ಆರೋಗ್ಯ ತಪಾಸಣೆಯವರು ಬಂದಿದ್ದರು. ಎತ್ತರ 154 ಸೆಂ.ಮೀ., ತೂಕ 66 ಕೆ.ಜಿ. ಅಂತ ಎಲ್ಲರ ಎದುರೇ ಕೂಗಿ ಬರೆಸಿದರಂತೆ. ಅವತ್ತಿನಿಂದ ಹುಡುಗರು ಅವಳನ್ನು ‘ಅರವತ್ತಾರು’ ಅಂತಲೇ ಕರೆಯುತ್ತಾರೆ. ಬಿಸಿಯೂಟದ ಸಾಲಿನಲ್ಲಿ ನಿಂತು ಇನ್ನೊಂದು ಸೌಟು ಅನ್ನ ಕೇಳಿದ್ದಕ್ಕೆ ಹಿಂದಿನಿಂದ ಯಾರೋ ಹಾಗೆ ಕೂಗಿದರಂತೆ, ಈಗ ಮಧ್ಯಾಹ್ನ ಊಟವನ್ನೇ ಬಿಟ್ಟಿದ್ದಾಳೆ. ಸಂಜೆ ಟ್ಯೂಷನ್ ಮುಗಿಸಿ ಬೇಕರಿಯಲ್ಲಿ ತಿಂದು ಬರುತ್ತಾಳೆ. ಪಿ.ಟಿ. ಪೀರಿಯಡ್ ಇರುವ ದಿನ ಹೊಟ್ಟೆನೋವು ಅಂತ ಮಲಗುತ್ತಾಳೆ. ಆಸ್ಪತ್ರೆಗೆ ತೋರಿಸಿ ಅಂತ ಚೀಟಿ ಕೊಟ್ಟಿದ್ದಾರೆ. ಯಜಮಾನರು ‘ಬೆಳೆಯೋ ವಯಸ್ಸು, ತಾನಾಗೇ ಕರಗುತ್ತೆ’ ಅಂತಾರೆ. ಅತ್ತೆ ರಾತ್ರಿ ಊಟ ಬಿಡಿಸು ಅಂತಾರೆ. ಪಕ್ಕದ ಮನೆಯವರು ಶೇಕ್ ಪುಡಿ ತಗೊಳ್ಳಿ ಅಂತಿದ್ದಾರೆ. ಟಿ.ಸಿ. ತಗೊಂಡು ಬೇರೆ ಶಾಲೆಗೆ ಸೇರಿಸಿಬಿಡಲೇ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಆ ಚೀಟಿ ಹರಿದು ಹಾಕಿಲ್ಲ ತಾನೇ? ಜೋಪಾನವಾಗಿಡಿ. ಅದರಲ್ಲಿ ಬರೆದಿರುವುದು ಸರಿ, ಬರೆಸಿದ ರೀತಿ ತಪ್ಪು. ಎರಡನ್ನೂ ಒಂದರಲ್ಲೊಂದು ಕಲಸಬೇಡಿ. ಶಾಲೆಯ ಮೇಲಿನ ಸಿಟ್ಟಿಗೆ ಚೀಟಿಯನ್ನು ಮೂಲೆಗೆ ಹಾಕಿದರೆ ನಷ್ಟ ಮಗಳಿಗೆ. ಆರೋಗ್ಯದ ವಿಷಯ ಅಲ್ವಾ ಅಂತ ಆ ಅವಮಾನ ನುಂಗಿಕೊಂಡು ಸುಮ್ಮನಾದರೂ ನಷ್ಟ ಅವಳಿಗೇ.

ಮೊದಲು ಶಾಲೆಗೆ ಹೋಗಿ. ಒಬ್ಬರೇ ಹೋಗಬೇಡಿ, ಯಜಮಾನರನ್ನೂ ಕರೆದುಕೊಂಡು ಹೋಗಿ, ಮಗಳು ಕ್ಲಾಸಿನಲ್ಲಿರುವ ಹೊತ್ತಿನಲ್ಲಿ ಮುಖ್ಯೋಪಾಧ್ಯಾಯರನ್ನು ಕಾಣಿ. ಜಗಳಕ್ಕೆ ಹೋದ ಹಾಗೆ ಹೋಗಬೇಡಿ. ನಡೆದದ್ದನ್ನು ಹೇಳಿ, ‘ಅರವತ್ತಾರು’ ಎಂಬ ಹೆಸರು ನಿಲ್ಲಬೇಕು ಅಂತ ನೇರವಾಗಿ ಕೇಳಿ. ಮುಂದಿನ ಸಲ ತೂಕ ನೋಡುವಾಗ ಒಬ್ಬೊಬ್ಬರನ್ನೇ ಒಳಗೆ ಕರೆಯಲಿ, ಅಂಕಿಯನ್ನು ಕೂಗದೆ ಕಾರ್ಡಿನಲ್ಲಿ ಬರೆದುಕೊಳ್ಳಲಿ. ಇದಕ್ಕೇನೂ ಖರ್ಚಿಲ್ಲ, ಒಂದು ಪರದೆ ಸಾಕು. ಇನ್ನೊಂದು ವಿಷಯ, ಕೇಂದ್ರದ ಶಾಲಾ ಆರೋಗ್ಯ ಕಾರ್ಯಕ್ರಮ 2020ರಲ್ಲಿ ಶುರುವಾದಾಗ ಪ್ರತಿ ಶಾಲೆಯಲ್ಲೂ ಇಬ್ಬರು ಶಿಕ್ಷಕರಿಗೆ, ಸಾಧ್ಯವಾದಷ್ಟೂ ಒಬ್ಬ ಮೇಷ್ಟ್ರು ಒಬ್ಬ ಮೇಡಂ, ಮಕ್ಕಳ ಆರೋಗ್ಯದ ಬಗ್ಗೆ ತರಬೇತಿ ಕೊಡಬೇಕು ಅಂತ ಮಾಡಿದ್ದಾರೆ. ನಿಮ್ಮ ಶಾಲೆಯಲ್ಲಿ ಆ ಮೇಡಂ ಯಾರು ಅಂತ ಕೇಳಿ. ನಿಮ್ಮ ಮಗಳು ಮನಸ್ಸು ಬಿಚ್ಚಿ ಮಾತಾಡಲು ಶಾಲೆಯೊಳಗೇ ಒಬ್ಬರು ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ. ಪಿ.ಟಿ. ಮೇಷ್ಟ್ರ ಹತ್ತಿರವೂ ಒಂದು ಮಾತು ಆಡಿ. ಓಟದಲ್ಲಿ ಎಲ್ಲರ ಹಿಂದೆ ಏದುಸಿರು ಬಿಡುತ್ತಾ ಬರುವುದು ಅವಳಿಗೆ ಬೇಡವಾಗಿದೆ ಅಷ್ಟೇ. ಥ್ರೋಬಾಲ್, ಸ್ಕಿಪ್ಪಿಂಗ್, ಡ್ಯಾನ್ಸ್, ಅವಳಿಗೆ ಇಷ್ಟವಾದದ್ದು ಏನೋ ಒಂದು ಇದ್ದೇ ಇರುತ್ತದೆ. ಈ ವಯಸ್ಸಿನ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೈ ಬೆವರುವ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಹತ್ತಿರ ಬಂದಂತೆ ಪಿ.ಟಿ. ಪೀರಿಯಡ್ಡನ್ನು ಗಣಿತದವರು ತಗೊಂಡುಬಿಡುತ್ತಾರೆ, ಪೋಷಕರೂ ಖುಷಿಯಿಂದ ಒಪ್ಪುತ್ತಾರೆ!

ಇನ್ನು ಚೀಟಿ. ಶಾಲೆಗೆ ಬಂದವರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡದವರು ಇರಬೇಕು. 2013ರಿಂದ ಇದೆ, ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ವರ್ಷಕ್ಕೊಮ್ಮೆಯಾದರೂ ಬರಬೇಕು, ಅವರು ಬರೆದುಕೊಟ್ಟರೆ ಸರ್ಕಾರಿ ಆಸ್ಪತ್ರೆಯಲ್ಲಿ ಮುಂದಿನ ತಪಾಸಣೆ ಉಚಿತ. ಯಜಮಾನರ ಮಾತಿಗೆ ಉತ್ತರ ಆ ಅಂಕಿಗಳಲ್ಲೇ ಇದೆ. 66 ಕೆ.ಜಿ., 154 ಸೆಂ.ಮೀ. ಅಂದರೆ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಸುಮಾರು 28. ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿಯ 2015ರ ಚಾರ್ಟಿನಲ್ಲಿ ದೊಡ್ಡವರ ಬಿಎಂಐ 27ಕ್ಕೆ ಸಮನಾದ ಗೆರೆ ದಾಟಿದರೆ ಬೊಜ್ಜು ಅಂತ ಲೆಕ್ಕ, 14ರ ಹುಡುಗಿಗೆ ಆ ಗೆರೆ 27ಕ್ಕಿಂತ ಕೆಳಗೇ ಬರುತ್ತದೆ. ಬೆಳೆಯುತ್ತಾ ಕರಗುತ್ತದೆ ಅನ್ನುವುದು ಏಳೆಂಟು ವರ್ಷದ ಮಗುವಿಗೆ ಸ್ವಲ್ಪಮಟ್ಟಿಗೆ ಸರಿ. ಮುಟ್ಟು ಶುರುವಾಗಿ ಒಂದೆರಡು ವರ್ಷ ಕಳೆದ ಹುಡುಗಿ ಇನ್ನು ಜಾಸ್ತಿ ಎತ್ತರ ಬೆಳೆಯುವುದಿಲ್ಲ, ಹಾಗಾಗಿ ಅದನ್ನು ನಂಬಿ ಕೂರಬೇಡಿ.

ಒಂದು ಕೆಲಸ ಮಾಡಿ. ಜಡೆ ಹಾಕುವಾಗ ಅವಳ ಕತ್ತಿನ ಹಿಂಭಾಗ ನೋಡಿ. ಚರ್ಮ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪ ಅನಿಸುತ್ತಾ? ಎಷ್ಟೋ ತಾಯಂದಿರು ಅದನ್ನು ಕೊಳೆ ಅಂದುಕೊಂಡು ಕಡಲೆಹಿಟ್ಟು ಹಾಕಿ ತಿಕ್ಕಿ ತಿಕ್ಕಿ ಮಗಳನ್ನು ಅಳಿಸುತ್ತಾರೆ. ಅದು ಕೊಳೆ ಅಲ್ಲ, ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅನ್ನುವ ಸೂಚನೆ ಇರಬಹುದು. ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ರಾತ್ರಿ ಜೋರು ಗೊರಕೆ, ಮಂಡಿನೋವು, ಇವೂ ಇದ್ದರೆ ತಪ್ಪದೆ ವೈದ್ಯರಿಗೆ ಹೇಳಿ. ಸಕ್ಕರೆ, ಥೈರಾಯ್ಡ್ ಪರೀಕ್ಷೆ ಬೇಕಾ ಅಂತ ಅವರು ನೋಡುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ‘ಸ್ನೇಹ ಕ್ಲಿನಿಕ್’ ಎಲ್ಲಿದೆ ಅಂತ ವಿಚಾರಿಸಿ. 10ರಿಂದ 19ರ ಮಕ್ಕಳಿಗಾಗಿಯೇ ಇರುವುದು. ಅಲ್ಲಿ ಆಪ್ತ ಸಮಾಲೋಚಕರು ಸಿಕ್ಕರೆ ಸ್ವಲ್ಪ ಹೊತ್ತು ನೀವು ಹೊರಗೆ ಕುಳಿತು ಅವಳನ್ನು ಒಬ್ಬಳನ್ನೇ ಮಾತಾಡಲು ಬಿಡಿ.

ಅತ್ತೆಯವರಿಗೆ ಗೌರವ ಕೊಟ್ಟೇ ಹೇಳುತ್ತೇನೆ, ರಾತ್ರಿ ಊಟ ಬಿಡಿಸಬೇಡಿ. ಮಧ್ಯಾಹ್ನದ ಊಟ ಬಿಟ್ಟಿದ್ದರಿಂದಲೇ ಅವಳು ಸಂಜೆ ಬೇಕರಿಗೆ ಹೋಗುತ್ತಿರುವುದು. ಬೆಳಗ್ಗೆ ಎಂಟಕ್ಕೆ ತಿಂದವಳು ಸಂಜೆ ಆರರವರೆಗೆ ಹಸಿದಿದ್ದರೆ ಎಗ್ ಪಫ್, ಕ್ರೀಮ್ ಬನ್, ಅದರ ಮೇಲೊಂದು ಕೋಲಾ. 300 ಮಿ.ಲೀ. ಕೋಲಾದಲ್ಲೇ 30 ಗ್ರಾಂ ಆಸುಪಾಸು ಸಕ್ಕರೆ ಇರುತ್ತದೆ, ಆರೇಳು ಚಮಚ. ಊಟ ಬಿಟ್ಟು ಏನು ಸಾಧಿಸಿದ ಹಾಗಾಯಿತು? ಶಾಲೆಯ ಕಾಟ ನಿಲ್ಲುವವರೆಗೆ ಡಬ್ಬಿ ಕಟ್ಟಿಕೊಡಿ, ರೊಟ್ಟಿ, ಪಲ್ಯ, ಮೊಳಕೆ ಕಾಳು. ಆಮೇಲೆ ಗೆಳತಿಯರ ಜೊತೆ ಬಿಸಿಯೂಟಕ್ಕೇ ಕೂರಲಿ. ಟ್ಯೂಷನ್‌ಗೆ ಹೋಗುವ ಮುಂಚೆ ಏನಾದರೂ ಹೊಟ್ಟೆಗೆ ಬೀಳಲಿ, ಒಗ್ಗರಣೆ ಹಾಕಿದ ಕಾಳು, ಬಾಳೆಹಣ್ಣು, ಮೊಟ್ಟೆ ತಿನ್ನುವವರಾದರೆ ಒಂದು ಬೇಯಿಸಿದ ಮೊಟ್ಟೆ.

ಮತ್ತೆ, ಅವಳಿಗೊಂದೇ ಬೇರೆ ತಟ್ಟೆ ಮಾಡಬೇಡಿ. ತಮ್ಮನಿಗೆ ಮಿರ್ಚಿ ಭಜಿ, ಇವಳಿಗೆ ಸೌತೆಕಾಯಿ ಅಂತಾದರೆ ಅವಳು ಕದ್ದು ತಿನ್ನುವುದನ್ನು ಕಲಿಯುತ್ತಾಳೆ. ಮನೆಗೆ ಕೋಲಾ ಬಾಟಲಿ ಬರುವುದು ಬೇಡ ಅಂದರೆ ಯಾರಿಗೂ ಬೇಡ. ಭಜಿ ಮಾಡಿದ ದಿನ ಎಲ್ಲರೂ ತಿನ್ನಿ, ಅವಳೂ ತಿನ್ನಲಿ. ರಾತ್ರಿ ಊಟವಾದ ಮೇಲೆ ಯಜಮಾನರು ಅವಳ ಜೊತೆ ಅರ್ಧ ಗಂಟೆ ನಡೆಯಲಿ, ಆದರೆ ದಾರಿಯಲ್ಲಿ ತೂಕದ ಸುದ್ದಿ ತೆಗೆಯಕೂಡದು. ಮೊಬೈಲು ಹತ್ತು ಗಂಟೆಗೆ ಹಾಲ್‌ನಲ್ಲಿ ಚಾರ್ಜಿಗೆ, ನಿಮ್ಮದೂ ಸೇರಿ. ನಿದ್ದೆ ಕಡಿಮೆಯಾದರೆ ಹಸಿವು ಜಾಸ್ತಿ. ಮನೆಯಲ್ಲಿ ತೂಕದ ಮಷಿನ್ ಇದ್ದರೆ ಒಳಗಿಡಿ, ಆಸ್ಪತ್ರೆಯಲ್ಲಿ ನೋಡಿದರೆ ಸಾಕು. ‘ಹೀಗಾದರೆ ಯಾರು ಮದುವೆಯಾಗ್ತಾರೆ’ ಎಂಬ ಮಾತನ್ನು ನೆಂಟರು ಆಡಿದರೆ ಅವಳ ಎದುರೇ ತಡೆಯಿರಿ. ನೀವು ತಡೆದದ್ದನ್ನು ಅವಳು ನೋಡಬೇಕು.

ಶೇಕ್ ಪುಡಿ ಬೇಡವೇ ಬೇಡ. ಆ ದುಡ್ಡಿಗೆ ತಿಂಗಳಿಡೀ ಹಣ್ಣು, ತರಕಾರಿ ಬರುತ್ತದೆ.

ಊಟ ಬಿಡುವುದು ಹೀಗೇ ಮುಂದುವರಿದರೆ, ತಿಂದದ್ದನ್ನು ವಾಂತಿ ಮಾಡುತ್ತಿದ್ದರೆ, ಸಾಯುವ ಮಾತಾಡಿದರೆ ಕಾಯಬೇಡಿ. 14416ಕ್ಕೆ ಕರೆ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಹತ್ತಿರದ ಆಸ್ಪತ್ರೆಗೂ ಕರೆದುಕೊಂಡು ಹೋಗಿ.

ಟಿ.ಸಿ. ವಿಷಯ ಸದ್ಯಕ್ಕೆ ಬೇಡ. ಮುಂದಿನ ವರ್ಷ ಹತ್ತನೇ ತರಗತಿ, ಇರುವ ಒಂದಿಬ್ಬರು ಗೆಳತಿಯರೂ ಕೈತಪ್ಪುತ್ತಾರೆ. ಮುಖ್ಯೋಪಾಧ್ಯಾಯರಿಗೆ ಒಂದು ತಿಂಗಳು ಸಮಯ ಕೊಡಿ. ಆಗಲೂ ಆ ಹೆಸರು ನಿಲ್ಲದಿದ್ದರೆ ದೂರನ್ನು ಬರವಣಿಗೆಯಲ್ಲಿ ಕೊಟ್ಟು ಒಂದು ಪ್ರತಿ ಬಿಇಒ ಕಚೇರಿಗೂ ಕಳಿಸಿ. ಶಾಲೆ ಬಿಡಬೇಕಾ ಬೇಡವಾ ಅಂತ ಆಗ ಮಗಳನ್ನೇ ಕೇಳಿ.